ಮರಡಿಕೊಪ್ಪ ಸಂಘದ ಕೊಲೆ

ಪರಮಶಿವಪ್ಪನವರಿಗೆ ಕೊಲೆ ಮಾಡಬೇಕೆಂಬ ಮನಸ್ಸು ಬಂದದ್ದು ಕೆಂಪಪ್ಪ ಸಾಲ ತೀರಿಸಿದ ದಿನ. ಸಾಲ ತೀರಿಸದವರ ಮೇಲೆ ಸಾಹುಕಾರರಿಗೆ ಸಿಟ್ಟಿರುತ್ತದೆ ಎಂದು ಜನ ತಿಳಿದಿದ್ದಾರೆ. ಅದು ಸಾಲ ಕೊಟ್ಟು ಗೊತ್ತಿಲ್ಲದವರ ಮಾತು. ಸಾಲ ತೀರಿಸದವನು ವರ್ಷವೆಲ್ಲ ಹಾಲು ಕರೆಯುವ ಹಸು ಇದ್ದ ಹಾಗೆ. ಅವನ ಮೇಲೆ ಯಾರಾದರೂ ಸಿಟ್ಟಾಗುತ್ತಾರೆಯೇ? ಬಡ್ಡಿ ಕೊಡುತ್ತ, ಸುಗ್ಗಿಯಲ್ಲಿ ಒಂದು ಚೀಲ ಭತ್ತ ಇಳಿಸಿ ಹೋಗುತ್ತ, ಜಗುಲಿಯ ಕೆಳಗೆ ನಿಂತು ತಲೆ ಕೆರೆಯುತ್ತ ಇರುವವನು ಒಳ್ಳೆಯವನು. ಅಸಲು ತಂದು ಮುಂದಿಡುವವನೇ ದ್ರೋಹಿ.

ಕೆಂಪಪ್ಪ ಹನ್ನೊಂದು ವರ್ಷ ಒಳ್ಳೆಯವನಾಗಿದ್ದ. ಅರವತ್ತು ರೂಪಾಯಿ ಸಾಲಕ್ಕೆ ಒತ್ತೆಯಾಗಿ ಒಂದು ತಾಮ್ರದ ಹಂಡೆ ತಂದಿಟ್ಟಿದ್ದ. ಆ ಹಂಡೆಯನ್ನು ಪರಮಶಿವಪ್ಪನವರ ಹೆಂಡತಿ ನೀಲಾಂಬಿಕ ಬಚ್ಚಲ ಒಲೆಯ ಮೇಲೆ ಹೂಡಿಸಿ, ಸುತ್ತ ಮಣ್ಣು ಮೆತ್ತಿಸಿ, ಹನ್ನೊಂದು ವರ್ಷ ಮನೆಮಂದಿಗೆಲ್ಲ ಅದರಲ್ಲೇ ಬಿಸಿನೀರು ಕಾಯಿಸಿದ್ದರು. ಅದು ತಮ್ಮದಲ್ಲ ಎಂಬುದು ಇಬ್ಬರಿಗೂ ಮರೆತೇ ಹೋಗಿತ್ತು. ನಯಾಪೈಸೆ ಬಂದ ಮಾರನೆಯ ವರ್ಷ, ಪುಷ್ಯ ಮಾಸದ ಕೊರೆಯುವ ಚಳಿಯಲ್ಲಿ, ಒಂದು ಬೆಳಿಗ್ಗೆ ಕೆಂಪಪ್ಪ ಪಂಚೆಯ ತುದಿ ಬಿಚ್ಚಿ ನೋಟುಗಳನ್ನು ಜಗುಲಿಯ ಮೇಲಿಟ್ಟ.

"ಅಸಲೂ ಬಡ್ಡೀನೂ ಪೂರಾ ತಂದೀನ್ರೀ ಸಾವ್ಕಾರ್ರೇ. ಲೆಕ್ಕ ಹೊಡ್ದು ನಮ್ಮ ಹಂಡೆ ಕೊಟ್ಬಿಡ್ರೀ."

"ಎಲ್ಲಿಂದ ತಂದ್ಯೋ ಇಷ್ಟು?"

"ಸಂಘದಾಗೆ ಕೊಟ್ರು. ಅಲ್ಲಿ ಬಡ್ಡಿ ಕಮ್ಮಿ ಐತ್ರೀ."

ಹಂಡೆ ತೆಗೆಯಲು ಒಲೆಯನ್ನೇ ಒಡೆಯಬೇಕಾಯಿತು. ಕೆಂಪಪ್ಪ ಅದನ್ನು ತಲೆಯ ಮೇಲೆ ಬೋರಲು ಹಾಕಿಕೊಂಡ. ಅದು ಮೂಗಿನವರೆಗೆ ಇಳಿದು ಕಣ್ಣು ಮುಚ್ಚಿತು. ಹಾಗೆಯೇ ಅಂದಾಜಿನ ಮೇಲೆ ನಡೆಯುತ್ತ, ಒಂದೆರಡು ಗೋಡೆಗೆ ಢಣ್ ಢಣ್ ಎಂದು ಡಿಕ್ಕಿ ಹೊಡೆಯುತ್ತ, ಊರ ನಡುವಿನ ಬೀದಿಯಲ್ಲೇ ಮನೆಗೆ ಹೋದ. ಆ ಸದ್ದಿಗೆ ಊರೆಲ್ಲ ಬಾಗಿಲಿಗೆ ಬಂದು ನಿಂತು ನೋಡಿತು. ಸಾಹುಕಾರರ ಮನೆಯೊಳಗೆ ಹೋದ ಪಾತ್ರೆ ತಿರುಗಿ ಹೊರಗೆ ಬರುತ್ತದೆ ಎಂಬುದನ್ನು ಮರಡಿಕೊಪ್ಪದವರು ಅದೇ ಮೊದಲು ಕಂಡದ್ದು.

"ನಾಳೆ ಸ್ನಾನಕ್ಕೆ ನೀರು ಎಲ್ಲಿ ಕಾಯಿಸ್ಲಿ? ನಿಮ್ಮ ಲೆಕ್ಕದ ಪುಸ್ತಕದ ಮೇಲಾ?" ಎಂದು ನೀಲಾಂಬಿಕ ಕೇಳಿದರು. ಮಾರನೆಯ ಬೆಳಿಗ್ಗೆ ಪರಮಶಿವಪ್ಪನವರು ತಣ್ಣೀರು ಸುರಿದುಕೊಂಡರು. ಮೊದಲನೆಯ ಚೊಂಬಿಗೆ ಉಸಿರು ನಿಂತಿತು. ಎರಡನೆಯ ಚೊಂಬಿಗೆ ಸಂಘವನ್ನು ಮುಗಿಸಲೇಬೇಕು ಎಂಬ ತೀರ್ಮಾನ ಆಯಿತು.

ಅವರ ಸಂಕಟ ಅರವತ್ತು ರೂಪಾಯಿಯದ್ದಲ್ಲ. ಮೂವತ್ತು ವರ್ಷದಿಂದ ಆ ಜಗುಲಿಗೆ ಬಾರದೆ ಮರಡಿಕೊಪ್ಪದಲ್ಲಿ ಒಂದು ಮದುವೆ ಆಗಿರಲಿಲ್ಲ, ಒಂದು ಎತ್ತು ಕೊಂಡಿರಲಿಲ್ಲ, ಒಂದು ತಿಥಿ ಆಗಿರಲಿಲ್ಲ. ಶಿಕಾರಿಪುರದಿಂದ ಅಮಲ್ದಾರರು ಬಂದರೂ ಮೊದಲು ಅಲ್ಲಿಗೇ ಬರಬೇಕು. ಅವರ ಲೆಕ್ಕದ ಪುಸ್ತಕದಲ್ಲಿ ಬಿದ್ದ ಹೆಸರು ಬಂದಳಿಕೆಯ ಕಲ್ಲಿನ ಶಾಸನದ ಹಾಗೆ, ಅಳಿಸುವ ಮಾತೇ ಇಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಈಗ ಕೆಂಪಪ್ಪನಂಥ ಕೆಂಪಪ್ಪ ಅಳಿಸಿಕೊಂಡು ಹೋಗಿದ್ದ. ಇಂದು ಅವನು, ನಾಳೆ ಇನ್ನೊಬ್ಬ. ಜಗುಲಿ ಬರಿದಾದ ಮೇಲೆ ಪರಮಶಿವಪ್ಪ ಎಂದರೆ ಯಾರು? ತಣ್ಣೀರಿನಲ್ಲಿ ಸ್ನಾನ ಮಾಡುವ ಒಬ್ಬ ಮುದುಕ, ಅಷ್ಟೇ. ಈ ಯೋಚನೆ ಬಂದು ಅವರಿಗೆ ನಿಜವಾಗಿಯೂ ಭಯವಾಯಿತು.

ಕೊಲೆಯಾಗಬೇಕಿದ್ದ ಮರಡಿಕೊಪ್ಪ ವ್ಯವಸಾಯ ಸಹಕಾರ ಪತ್ತಿನ ಸಂಘ ನೋಡುವುದಕ್ಕೆ ಬಹಳ ಬಡಪಾಯಿ. ಗುಲಾಬ್ ಸಾಬ್ ಎಂಬ ದರ್ಜಿಯ ಅಂಗಡಿಯ ಪಕ್ಕದ ಒಂದು ಕೋಣೆ, ಒಂದು ಬೆಂಚು, ಒಂದು ಕಬ್ಬಿಣದ ಪೆಟ್ಟಿಗೆ. ಸದಸ್ಯರು ಹತ್ತೊಂಬತ್ತು ಜನ. ಸೆಕ್ರೆಟರಿ ಜಯಪ್ಪ ನಿವೃತ್ತ ಮೇಷ್ಟ್ರು. ಬೆಳಿಗ್ಗೆ ಬೀಗ ತೆಗೆದು, ಯಾರೂ ಬಾರದ ಕೋಣೆಯನ್ನು ಗುಡಿಸಿ, ಸಂಜೆ ಬೀಗ ಹಾಕುತ್ತಿದ್ದರು. ಹೊಸ ಸದಸ್ಯ ಸಿಕ್ಕಿದನೆಂದರೆ ಅವನನ್ನು ಬೆಂಚಿನ ಮೇಲೆ ಕೂರಿಸಿ, ಐವತ್ತಮೂರು ನಿಬಂಧನೆಗಳನ್ನು ಒಂದೂ ಬಿಡದೆ ಓದಿ ಹೇಳುತ್ತಿದ್ದರು. ಅದಕ್ಕೇ ಹೆದರಿ ಇಪ್ಪತ್ತನೆಯವನು ಬಂದಿರಲಿಲ್ಲ ಎಂದು ಊರಿನಲ್ಲಿ ಮಾತಿತ್ತು.

ಕೊಲ್ಲುವುದು ಹೇಗೆ? ಬೆಂಕಿ ಇಡಬಹುದು; ಆದರೆ ಆ ಕೋಣೆಯ ಹಿಂಗೋಡೆಯೇ ಪರಮಶಿವಪ್ಪನವರ ಭತ್ತದ ಕೋಠಿಯ ಗೋಡೆ. ಪೆಟ್ಟಿಗೆ ಕದಿಯಬಹುದು. ಆ ದಾರಿಯನ್ನು ಸೊರಬದಲ್ಲಿದ್ದ ಅವರ ಷಡ್ಡಕ ಮಹೇಶ್ವರಪ್ಪ ಆಗಲೇ ಹಿಡಿದು ನೋಡಿದ್ದ. ಅವನದೂ ಬಡ್ಡಿ ವ್ಯಾಪಾರ, ಅವನಿಗೂ ಒಂದು ಸಂಘದ ಕಾಟ. ಕಂಬಳಿ ಹೊದ್ದು ಹೋಗಿ ಪೆಟ್ಟಿಗೆ ಎತ್ತಿಕೊಂಡು ಬಂದು ಒಡೆದರೆ ಒಳಗೆ ಹನ್ನೊಂದು ರೂಪಾಯಿ ಮತ್ತು ಹೆಬ್ಬೆಟ್ಟು ಒತ್ತಿಸುವ ಮಸಿಯ ಡಬ್ಬಿ. ಕತ್ತಲಲ್ಲಿ ಹುಡುಕಾಡುವಾಗ ಹತ್ತು ಬೆರಳಿಗೂ ನೇರಳೆ ಬಣ್ಣ ಹತ್ತಿತು. ಮರುದಿನ ಪೊಲೀಸರ ಎದುರು ಕೈಮುಗಿದು ನಿಂತದ್ದೇ ತಡ, ಬೇರೆ ಸಾಕ್ಷಿ ಕೇಳುವ ಅಗತ್ಯ ಬೀಳಲಿಲ್ಲ. ಆರು ತಿಂಗಳು ಸಜೆ. ಪರಮಶಿವಪ್ಪನವರು ಷಡ್ಡಕನನ್ನು ಎಂದೂ ಬುದ್ಧಿವಂತರ ಸಾಲಿಗೆ ಸೇರಿಸಿದವರಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೋಲು ಹಿಡಿದವರು ಯಾರೆಂದು ಹಾವಿಗೂ ತಿಳಿಯಬಾರದು.

ಆಯುಧವನ್ನು ತಂದುಕೊಟ್ಟದ್ದು ಸರ್ಕಾರವೇ. ಮಾಘದಲ್ಲಿ ಒಬ್ಬ ಯುವ ಅಧಿಕಾರಿ, ಕೈಯಲ್ಲಿ ಅಚ್ಚು ಹಾಕಿದ ಕಾಗದಗಳ ಕಟ್ಟು ಹಿಡಿದು, ಶಿರಾಳಕೊಪ್ಪದ ಮೋಟಾರು ಇಳಿದು ನಡೆದು ಬಂದ. ರೈತರು ಪತ್ತಿನ ಸಂಘಕ್ಕೆ ಏಕೆ ಸೇರುತ್ತಾರೆ, ಏಕೆ ಸೇರುವುದಿಲ್ಲ ಎಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುವುದು ಅವನ ಕೆಲಸ. ಊರಿನಲ್ಲಿ ಇಳಿದುಕೊಳ್ಳಲು ಇದ್ದದ್ದು ಒಂದೇ ಜಗುಲಿ. ಮೂರು ದಿನ ಪರಮಶಿವಪ್ಪನವರೇ ಊಟ ಹಾಕಿದರು. ನಾಲ್ಕನೆಯ ದಿನ ಅವನು ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಹೋದಾಗ, ಅಂದರೆ ನೀಲಾಂಬಿಕ ಮೂರು ಪಾತ್ರೆಗಳಲ್ಲಿ ನೀರು ಕಾಯಿಸಿ ಮೂರು ಸಲ ತಂದು ಸುರಿಯುವಷ್ಟು ಹೊತ್ತಿನಲ್ಲಿ, ಪರಮಶಿವಪ್ಪನವರು ಆ ಕಟ್ಟು ಬಿಚ್ಚಿ ಓದಿದರು.

ಸಂಘಕ್ಕೆ ಸೇರದಿರಲು ಜನ ಕೊಟ್ಟ ಕಾರಣಗಳು ಅಲ್ಲಿ ಸಾಲಾಗಿ ಇದ್ದವು. ಓದಲು ಬಾರದು. ಹೆಂಡತಿ ಬೇಡ ಅನ್ನುತ್ತಾಳೆ. ಸರ್ಕಾರದ ದುಡ್ಡು ಮುಟ್ಟಿದರೆ ಗದ್ದೆ ಅಳೆಯಲು ಬರುತ್ತಾರಂತೆ. ಮೇಷ್ಟ್ರು ಓದುವುದು ಮುಗಿಯುವ ಹೊತ್ತಿಗೆ ಕಾಲು ಜೋಮು ಹಿಡಿಯುತ್ತದೆ. ಹಾಲು ಮಾರುವ ಹಾಲಮ್ಮ ಎಂಬ ವಿಧವೆ, ತನ್ನನ್ನು ಯಾರೂ ಕರೆದೇ ಇಲ್ಲ ಎಂದಿದ್ದಳು. ಆದರೆ ಅರವತ್ತೆಂಟು ಕಾಗದಗಳಲ್ಲಿ ಒಂದೇ ಉತ್ತರ: ಸಾಹುಕಾರರು ಬೇಜಾರು ಮಾಡಿಕೊಂಡಾರು. ಅದನ್ನು ಓದಿ ಪರಮಶಿವಪ್ಪನವರ ಕಣ್ಣು ತುಂಬಿ ಬಂತು. ತಮ್ಮನ್ನು ಊರು ಇಷ್ಟು ಪ್ರೀತಿಸುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಊಟಕ್ಕೆ ಕೂತಾಗ ಅವರು ಸುಮ್ಮನೆ ಎಂಬಂತೆ ಕೇಳಿದರು. "ಇಂಥ ಸಂಘಗಳು ಮುಚ್ಚಿ ಹೋಗೋದೂ ಉಂಟಾ ಸ್ವಾಮಿ?"

"ಬೇಕಾದಷ್ಟು ಉಂಟು," ಎಂದ ಅಧಿಕಾರಿ, ಹೋಳಿಗೆ ಮುರಿಯುತ್ತ. "ಕಳ್ಳರಿಂದ ಸಂಘ ಸಾಯೋಲ್ಲ ಯಜಮಾನ್ರೇ. ಸದಸ್ಯರು ಸಾಲ ತಗೊಂಡು ಕಟ್ಟದೆ ಕೂತ್ರೆ ಒಂದೇ ವರ್ಷದಲ್ಲಿ ಸಾಯುತ್ತೆ. ಬೇರೆ ಯಾವ ರೋಗಾನೂ ಬೇಕಾಗಿಲ್ಲ."

ಪರಮಶಿವಪ್ಪನವರು ಅವನ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿದರು.

ಯೋಜನೆ ಎರಡು ದಿನದಲ್ಲಿ ತಯಾರಾಯಿತು. ಸಂಘ ಸಾಯಬೇಕಾದರೆ ಸಾಲ ಮುಳುಗಬೇಕು. ಸಾಲ ಮುಳುಗಬೇಕಾದರೆ ಮೊದಲು ಬಹಳ ಜನ ಸಾಲ ತೆಗೆಯಬೇಕು. ಹತ್ತೊಂಬತ್ತು ಜನರಿಂದ ಏನಾಗುತ್ತದೆ? ಊರಿಗೆ ಊರೇ ಸೇರಬೇಕು. ಊರು ಸೇರದಿರುವುದಕ್ಕೆ ಕಾರಣ ಪರಮಶಿವಪ್ಪನವರ ಬೇಜಾರು. ಆದ್ದರಿಂದ ಪರಮಶಿವಪ್ಪನವರೇ ಮೊದಲು ಸೇರಬೇಕು. ಇದು ಹೊಳೆದಾಗ ಅವರು ಕತ್ತರಿಸುತ್ತಿದ್ದ ಅಡಿಕೆಯನ್ನು ಕೆಳಗಿಟ್ಟು ತಮ್ಮ ತೊಡೆಯನ್ನೇ ತಟ್ಟಿಕೊಂಡರು. ಈ ಕೊಲೆಯಲ್ಲಿ ಹೆಣ ಇಲ್ಲ, ಕತ್ತಿ ಇಲ್ಲ, ಬೆರಳಿಗೆ ಮಸಿಯೂ ಇಲ್ಲ. ಯಾವ ಪೊಲೀಸಿನವನ ಪುಸ್ತಕದಲ್ಲೂ ಇದಕ್ಕೊಂದು ಸೆಕ್ಷನ್ ಇಲ್ಲ.

ಅವರು ಮೂವತ್ತು ವರ್ಷದ ಅನುಭವಸ್ಥರು. ಸಾಲದಲ್ಲಿ ಮನುಷ್ಯ ಸಿಕ್ಕಿಬೀಳುವ ಜಾಗಗಳೆಲ್ಲ ಗೊತ್ತಿದ್ದವು. ಅಂಥ ಜಾಗಗಳನ್ನು ಅಗೆದವರೇ ಅವರು. ಹಾಗಾಗಿ ತಮಗೆ ತಾವೇ ಕೆಲವು ಕಟ್ಟಳೆ ಹಾಕಿಕೊಂಡರು. ಸಂಘದಿಂದ ಒಂದು ಕಾಸೂ ಸಾಲ ಪಡೆಯಕೂಡದು. ಅಧ್ಯಕ್ಷಗಿರಿ ಕೊಟ್ಟರೂ ಬೇಡ ಅನ್ನಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಯಾರ ಸಾಲಕ್ಕೂ ಜಾಮೀನು ನಿಲ್ಲಕೂಡದು, ಹೆಂಡತಿಯ ತಮ್ಮನೇ ಬಂದು ಕಾಲು ಹಿಡಿದರೂ ಸರಿ. ಹತ್ತು ರೂಪಾಯಿಯ ಒಂದು ಷೇರು, ಅಷ್ಟೇ. ಸಂಘ ಸತ್ತರೆ ಹೋಗುವುದು ಆ ಹತ್ತು ರೂಪಾಯಿ. ಹತ್ತು ರೂಪಾಯಿಗೆ ಈಗಿನ ಕಾಲದಲ್ಲಿ ಒಂದು ಕುರಿಯನ್ನೂ ಕೊಲ್ಲಲಾಗುವುದಿಲ್ಲ.

ಸಾಹುಕಾರರು ಸಂಘದ ಮೆಟ್ಟಿಲು ಹತ್ತಿದ ದಿನ ಜಯಪ್ಪ ಮೇಷ್ಟ್ರು ಪೊರಕೆ ಬಿಸುಟು ಬಾಗಿಲಿಗೆ ಓಡಿಬಂದರು. "ತಾವು ಬಂದದ್ದು ನಮ್ಮ ಸಂಘದ ಭಾಗ್ಯ," ಎಂದು ಬೆಂಚನ್ನು ತಮ್ಮ ಅಂಗವಸ್ತ್ರದಿಂದ ಒರೆಸಿದರು. ಕೂರಿಸಿದವರೇ ನಿಬಂಧನೆ ಶುರು ಮಾಡಿದರು. ಪರಮಶಿವಪ್ಪನವರು ನಾಲ್ಕನೆಯದರವರೆಗೆ ತಲೆಯಾಡಿಸಿದರು. ಆಮೇಲೆ ಕಿಟಕಿಯಾಚೆ ಗುಂಪು ಕೂಡಿದ್ದ ಜನರ ತಲೆ ಎಣಿಸಿದರು. ಆಮೇಲೆ ಗೋಡೆಗೆ ಒರಗಿದರು. ಮೇಷ್ಟ್ರ ದನಿಗೆ ಎಳೆಗೂಸನ್ನೂ ಎತ್ತನ್ನೂ ಒಟ್ಟಿಗೆ ಮಲಗಿಸುವ ಶಕ್ತಿಯಿತ್ತು. ಐವತ್ತಮೂರನೆಯದು ಮುಗಿದ ಮೇಲೆ ಅವರೇ ಸಾಹುಕಾರರನ್ನು ಮೆಲ್ಲಗೆ ಅಲುಗಿಸಿ ಎಬ್ಬಿಸಿ, "ಇಲ್ಲೊಂದು ಸಹಿ," ಎಂದರು. ಪರಮಶಿವಪ್ಪನವರು ಕಣ್ಣುಜ್ಜಿಕೊಂಡು ಸಹಿ ಹಾಕಿದರು.

"ಇನ್ನೊಂದು ಕಾಗದ ಐತ್ರೀ. ಸದಸ್ಯರ ಆಸ್ತಿ ಬರ್ಕೋಬೇಕು. ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಸಾಕು."

ಇಲ್ಲಿ ಪರಮಶಿವಪ್ಪನವರಿಗೆ ನಿದ್ದೆ ಪೂರ್ತಿ ಬಿಟ್ಟಿತು. ಕಿಟಕಿಯಾಚೆ ಅರ್ಧ ಊರು ನಿಂತಿದೆ, ಎಂಥ ಅವಕಾಶ. ಅವರು ಗಂಟಲು ಸರಿಮಾಡಿಕೊಂಡು, ಕೆರೆಯ ಕೆಳಗಿನ ಗದ್ದೆಯಿಂದ ಶುರುಮಾಡಿ ಸರ್ವೆ ನಂಬರು ಸಹಿತ ಬಾಯಲ್ಲೇ ಹೇಳುತ್ತ ಹೋದರು. ತೊಂಬತ್ತು ಎಕರೆ ಗದ್ದೆ, ಅದರ ಮೇಲೆ ಬಾಗಾಯ್ತು, ಮನೆ, ಕೋಠಿ, ಶಿರಾಳಕೊಪ್ಪದ ಬಟ್ಟೆ ಅಂಗಡಿ. ಮೇಷ್ಟ್ರು ಬರೆದು ಸಾಕಾಗಿ ಪೆನ್ನು ಇಟ್ಟರೂ ಬಿಡದೆ, "ಹುಣಸೆ ಮರ ಏಳು, ಬರ್ಕೊಳ್ರೀ," ಎಂದರು. ಒಂದು ಗಂಟೆ ಹಿಡಿಯಿತು. ಅಂಥ ಒಳ್ಳೆಯ ಒಂದು ಗಂಟೆಯನ್ನು ಅವರು ಬಹಳ ವರ್ಷದಿಂದ ಕಳೆದಿರಲಿಲ್ಲ.

ಮಾರನೆಯ ದಿನದಿಂದ ಜನ ಗುಡವಿ ಕೆರೆಗೆ ಹಕ್ಕಿ ಇಳಿದ ಹಾಗೆ ಬಂದರು. ಸಾಹುಕಾರರೇ ದುಡ್ಡು ಇಟ್ಟ ಮೇಲೆ ನಮ್ಮದೇನು ಎಂದು ಒಕ್ಕಲು ಮಕ್ಕಳು, ಕುಂಬಾರರು, ಬಡಗಿ, ದರ್ಜಿ ಗುಲಾಬ್ ಸಾಬ್, ಹಾಲಮ್ಮ ಎಲ್ಲರೂ ಸೇರಿದರು. ಹತ್ತೊಂಬತ್ತು ಇದ್ದದ್ದು ತಿಂಗಳೊಳಗೆ ನೂರ ಹನ್ನೆರಡು ಆಯಿತು. ಮೇಷ್ಟ್ರಿಗೆ ನಿಬಂಧನೆ ಓದಿ ಓದಿ ದನಿ ಬಿದ್ದುಹೋಗಿ, ಕೊನೆಯ ಮೂವತ್ತು ಜನರಿಗೆ ಕೈಸನ್ನೆಯಲ್ಲೇ ಹೇಳಿದರಂತೆ. ಜಿಲ್ಲಾ ಬ್ಯಾಂಕಿನವರೂ ಅದುವರೆಗೆ ಸಾವಿರ ಕೊಡಲು ಹಿಂದೆಮುಂದೆ ನೋಡುತ್ತಿದ್ದವರು ಒಮ್ಮೆಗೇ ಇಪ್ಪತ್ತೆರಡು ಸಾವಿರ ಮಂಜೂರು ಮಾಡಿದರು. ಸುದ್ದಿ ಕೇಳಿ ಪರಮಶಿವಪ್ಪನವರು ಒಳಗೊಳಗೇ ನಕ್ಕರು. ಗೇಣಿ ಗದ್ದೆ ಉಳುವ ಬಡವರನ್ನು ನಂಬಿ ಯಾರಾದರೂ ಇಪ್ಪತ್ತೆರಡು ಸಾವಿರ ಕೊಡುತ್ತಾರೆಯೇ? ಅಂಥವನು ತಮ್ಮ ಅಂಗಡಿಯಲ್ಲಿ ಗುಮಾಸ್ತನಾಗಿದ್ದರೆ ಅಂದೇ ಓಡಿಸುತ್ತಿದ್ದರು.

ಇನ್ನು ವಿಷ ಹಾಕುವ ಕೆಲಸ. ಅದಕ್ಕೆ ಅವರು ಒಂದು ಕಿವಿಯನ್ನು ಆರಿಸಿದರು. ಮರಡಿಕೊಪ್ಪದ ಗಂಡಸರೆಲ್ಲ ಅಂಗಿಗೆ, ಹೆಂಗಸರೆಲ್ಲ ಕುಪ್ಪಸಕ್ಕೆ ಗುಲಾಬ್ ಸಾಬನ ಬಳಿಯೇ ಹೋಗಬೇಕು. ಅಳತೆ ಕೊಡುವಾಗ ಮನುಷ್ಯ ಸುಮ್ಮನೆ ನಿಲ್ಲಬೇಕಾಗುತ್ತದೆ, ಹೇಳಿದ್ದನ್ನು ಕೇಳಲೇಬೇಕಾಗುತ್ತದೆ. ಪರಮಶಿವಪ್ಪನವರು ಬೇಡದಿದ್ದರೂ ಒಂದು ಕೋಟಿಗೆ ಅಳತೆ ಕೊಟ್ಟರು.

"ನಿನ್ನ ಹತ್ರ ಮಾತ್ರ ಹೇಳ್ತೀನಿ ಸಾಬ್ರೇ. ಸಂಘದ ಸಾಲಾನೆಲ್ಲ ಸರ್ಕಾರ ಮನ್ನಾ ಮಾಡ್ತೈತಂತೆ. ಮೊದ್ಲೇ ಕಟ್ಟಿದೋನಿಗೆ ಮಾತ್ರ ದುಡ್ಡು ವಾಪಸ್ ಇಲ್ಲ. ಯಾರ ಮುಂದೂ ಬಾಯಿ ಬಿಡಬ್ಯಾಡ."

"ತೋಬಾ, ನಾನ್ಯಾಕೆ ಬಿಡ್ಲಿ ಸಾವ್ಕಾರ್ರೇ," ಎಂದ ಗುಲಾಬ್ ಸಾಬ್, ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ.

ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಮರುದಿನ ಅದೇ ಸುದ್ದಿಯನ್ನು ನೀಲಾಂಬಿಕ, ಯಾರಿಗೂ ಹೇಳಬೇಡಿ ಎಂಬ ಮಾತಿನ ಸಮೇತ, ಗಂಡನಿಗೇ ತಂದು ಹೇಳಿದರು.

ಆಮೇಲೆ ಮರಡಿಕೊಪ್ಪ ಸಾಲ ಮಾಡಿದ ಸಂಭ್ರಮವನ್ನು ಹೇಳತೀರದು. ಒಕ್ಕಲುಗಳು ಉಳುವ ಎತ್ತು ಕೊಂಡರು. ಹಾಲಮ್ಮ ಒಂದು ಹಸು ಕೊಂಡಳು. ಗುಲಾಬ್ ಸಾಬ್ ಕಾಲಲ್ಲಿ ತುಳಿಯುವ ಹೊಸ ಹೊಲಿಗೆ ಯಂತ್ರ ತರಿಸಿದ. ಹುಚ್ಚರಾಯಪ್ಪ ಎಂಬುವವನು ಸೈಕಲ್ ಕೊಂಡ. ಹತ್ತಲು ಬಾರದ್ದರಿಂದ ಅದರ ಕಿವಿ ಹಿಡಿದು ಸಂತೆಗೆ ನಡೆಸಿಕೊಂಡು ಹೋಗಿ, ನಡೆಸಿಕೊಂಡು ಬರುತ್ತಿದ್ದ. ಉಳಿದ ಕಾಸಿಗೆ ಎಲ್ಲರೂ ಬಟ್ಟೆ ಕೊಂಡರು. ಬಟ್ಟೆ ಅಂಗಡಿ ಪರಮಶಿವಪ್ಪನವರದೇ. ಕೊಲೆಗೆ ಹೊರಟವನಿಗೆ ದಾರಿಯಲ್ಲಿ ಲಾಭವೂ ಸಿಕ್ಕಿದ್ದು ಕಂಡು ಅವರು ದೇವರಿಗೆ ಒಂದು ರುದ್ರಾಭಿಷೇಕ ಮಾಡಿಸಿದರು.

ಒಂದೇ ಒಂದು ತೊಡಕು ಬಂತು, ಅದೂ ಕೆಂಪಪ್ಪನ ರೂಪದಲ್ಲಿ. ಆ ವರ್ಷದ ಸುಗ್ಗಿ ಮುಗಿದ ಮೇಲೆ ಅವನು ಪಂಚೆಯ ತುದಿಗೆ ಗಂಟು ಹಾಕಿಕೊಂಡು ಸಂಘದ ಕಡೆ ಹೊರಟದ್ದನ್ನು ಪರಮಶಿವಪ್ಪನವರು ಜಗುಲಿಯಿಂದಲೇ ಕಂಡರು. ಆ ಗಂಟನ್ನು ಅವರು ಎಲ್ಲಿದ್ದರೂ ಗುರುತಿಸಬಲ್ಲರು. ಓಡಿಹೋಗಿ ರಟ್ಟೆ ಹಿಡಿದು ನಿಲ್ಲಿಸಿದರು.

"ಎಲ್ಲಿಗೋ?"

"ಕಂತು ಕಟ್ಟಾಕೆ ಹೊಂಟೀನ್ರೀ. ಸಾಲ ಇದ್ರೆ ನನಗೆ ನಿದ್ದೆ ಬರಾದಿಲ್ಲ."

"ನನ್ನ ಸಾಲ ಇದ್ದಾಗ ಹನ್ನೊಂದು ವರ್ಷ ಹೆಂಗೋ ಮಲಗಿದ್ದಿ?"

"ಆವಾಗೂ ಬರ್ತಿರ್ಲಿಲ್ರೀ," ಎಂದ ಕೆಂಪಪ್ಪ.

ಪರಮಶಿವಪ್ಪನವರು ಅವನನ್ನು ಜಗುಲಿಯ ಮೇಲೆ, ತಮ್ಮ ಸಮಕ್ಕೆ ಕೂರಿಸಿಕೊಂಡರು. ಮೂವತ್ತು ವರ್ಷ ಯಾವ ಜಗುಲಿಯಿಂದ ಬಡ್ಡಿ ಕಟ್ಟಿರೋ ಎಂದು ಗದರಿದ್ದರೋ ಅದೇ ಜಗುಲಿಯ ಮೇಲೆ ಕೂತು, ಸಾಲ ತೀರಿಸುವುದು ಎಂಥ ತಪ್ಪು ಎಂದು ಅರ್ಧ ಗಂಟೆ ಬೋಧಿಸಿದರು. ಊರಿನವರು ಯಾರೂ ಕಟ್ಟಿಲ್ಲ. ಒಬ್ಬ ಕಟ್ಟಿದರೆ ಉಳಿದವರ ಮುಖಕ್ಕೆ ಮಸಿ ಬಳಿದ ಹಾಗೆ. ನೂರ ಹನ್ನೊಂದು ಜನಕ್ಕೆ ಅವಮಾನ ಮಾಡಿ ನೀನೊಬ್ಬ ಸುಖವಾಗಿ ಮಲಗುತ್ತೀಯಾ? ಹಿಂದೆ ಮುಂದೆ ಯೋಚಿಸು. ಮಾತಾಡುತ್ತ ಆಡುತ್ತ ಅವರ ದನಿ ತುಂಬಿ ಬಂತು. ಒಂದು ಗಳಿಗೆ ಅವರಿಗೇ ಅದು ನಿಜ ಅನ್ನಿಸಿತು. ಕೆಂಪಪ್ಪ ಗಂಟನ್ನು ಪಂಚೆಯೊಳಗೆ ಸಿಕ್ಕಿಸಿಕೊಂಡು, "ದೊಡ್ಡೋರು ನೀವು ಹೇಳಿದ ಮ್ಯಾಲೆ ಆತ್ರೀ," ಎಂದು ಎದ್ದುಹೋದ. ಆ ದುಡ್ಡಿಗೆ ಅವನೂ ಒಂದು ಜೊತೆ ಎತ್ತು ಕೊಂಡ.

ಯುಗಾದಿಗೆ ವಾಯಿದೆ ತೀರಿತು. ಸಂಘಕ್ಕೆ ಒಂದು ನಯಾಪೈಸೆಯೂ ಬರಲಿಲ್ಲ. ಜಯಪ್ಪ ಮೇಷ್ಟ್ರು ಕೊಡೆ ಹಿಡಿದು ಮನೆಮನೆಗೆ ಅಲೆದರು. ಹೋದಲ್ಲೆಲ್ಲ ಮಜ್ಜಿಗೆ ಕೊಟ್ಟರು, ಕಂತು ಕೊಡಲಿಲ್ಲ. ಬಿಸಿಲಿಗೆ ಅವರ ಮುಖ ಕಪ್ಪಿಟ್ಟಿತು. ಒಂದು ಮಧ್ಯಾಹ್ನ ಅವರು ಸಂಘದ ಮೆಟ್ಟಿಲ ಮೇಲೆ ಒಬ್ಬರೇ ಕೂತು ಅಂಗವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುವುದನ್ನು ಪರಮಶಿವಪ್ಪನವರು ಕಂಡರು. ಪಾಪ ಅನ್ನಿಸಿತು. ಪಾಪ ಅನ್ನಿಸುವುದಕ್ಕೆ ಖರ್ಚಿಲ್ಲವಾದ್ದರಿಂದ ಅವರು ಅದನ್ನು ಸ್ವಲ್ಪ ಹೊತ್ತು ಅನುಭವಿಸಿ ಒಳಗೆ ಹೋದರು.

ಮೊದಲು ನೋಟೀಸು ಬಂತು, ಆಮೇಲೆ ಇನ್ನೊಂದು, ಆಮೇಲೆ ಸಂಘವನ್ನು ಸಮಾಪ್ತಿ ಮಾಡಲಾಗಿದೆ ಎಂಬ ಹುಕುಂ. ಅದನ್ನು ಬಾಗಿಲಿಗೆ ಅಂಟಿಸಿದ ದಿನ ಪರಮಶಿವಪ್ಪನವರು ಮನೆಯಲ್ಲಿ ಪಾಯಸ ಮಾಡಿಸಿದರು. ಲೆಕ್ಕದ ಪುಸ್ತಕಕ್ಕೆ ಹೊಸ ಕೆಂಪು ಬಟ್ಟೆ ಹೊಲಿಸಿದರು. ಜಗುಲಿಗೆ ಸುಣ್ಣ ಬಳಿಸಿದರು. ಮುಂಗಾರಿಗೆ ಬೀಜಕ್ಕೆಂದು ಜನ ಬರುತ್ತಾರೆ; ಈ ಸಲ ಬಡ್ಡಿಯನ್ನು ತಿಂಗಳಿಗೆ ನೂರಕ್ಕೆ ಎರಡರಿಂದ ಮೂರಕ್ಕೆ ಏರಿಸಿದರೂ ಬರಲೇಬೇಕು. ಬಚ್ಚಲ ಒಲೆಯನ್ನೂ ಹೊಸದಾಗಿ ಕಟ್ಟಿಸಿ, ಹಂಡೆ ಕೂರುವಷ್ಟು ಜಾಗ ಬಿಡಿಸಿ ಕಾದರು.

ಲೆಕ್ಕ ಮುಗಿಸಲು ಶಿವಮೊಗ್ಗದಿಂದ ಒಬ್ಬ ಇನ್ಸ್‌ಪೆಕ್ಟರು ಬಂದರು. ದಪ್ಪ ಕನ್ನಡಕದ, ಮಾತು ಕಡಿಮೆಯ ಮನುಷ್ಯ. ಸಂಘದ ಕೋಣೆಯಲ್ಲಿ ನೂರ ಹನ್ನೆರಡು ಜನ ಹಿಡಿಯುವುದಿಲ್ಲವೆಂದು ಪರಮಶಿವಪ್ಪನವರು ತಮ್ಮ ಅಂಗಳವನ್ನೇ ಬಿಟ್ಟುಕೊಟ್ಟರು, ಉಪ್ಪಿಟ್ಟು ಕಾಫಿ ಮಾಡಿಸಿದರು. ಸತ್ತವರ ಮನೆಗೆ ಊಟ ಕಳಿಸುವುದು ಊರ ಪದ್ಧತಿಯಲ್ಲವೇ? ಜನ ತಲೆ ತಗ್ಗಿಸಿ ಕೂತಿದ್ದರು. ಮನ್ನಾ ಎಂಬುದು ಬರೀ ಮಾತು, ಸಾಲ ವಸೂಲಾಗುತ್ತದೆ ಎಂದು ಇನ್ಸ್‌ಪೆಕ್ಟರು ಹೇಳಿದಾಗ ತಲೆಗಳು ಇನ್ನೂ ತಗ್ಗಿದವು. ಪರಮಶಿವಪ್ಪನವರು ಮುಂದಿನ ಸಾಲಿನಲ್ಲಿ, ಗುಲಾಬ್ ಸಾಬ್ ಹೊಲಿದ ಹೊಸ ಕೋಟು ತೊಟ್ಟು, ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಸಾಲ ಪಡೆದಿಲ್ಲ. ಜಾಮೀನು ನಿಂತಿಲ್ಲ. ಹೋದದ್ದು ಹತ್ತು ರೂಪಾಯಿ.

"ಪರಮಶಿವಪ್ಪ ಅಂದ್ರೆ ತಾವೇ ಅಲ್ವಾ?" ಎಂದರು ಇನ್ಸ್‌ಪೆಕ್ಟರು, ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟು. ಇದು ಹಳೇ ಮಾದರಿಯ ಸಂಘ, ಇಲ್ಲಿ ಸದಸ್ಯರ ಹೊಣೆ ಹತ್ತು ರೂಪಾಯಿಯ ಷೇರಿಗೆ ನಿಲ್ಲುವುದಿಲ್ಲ, ಸದಸ್ಯನಾದವನು ಪ್ರತಿಯೊಬ್ಬರ ಸಾಲಕ್ಕೂ ತನ್ನ ಇಡೀ ಆಸ್ತಿಯೊಂದಿಗೆ ಹೊಣೆ, ಬ್ಯಾಂಕಿನವರು ಆ ಇಪ್ಪತ್ತೆರಡು ಸಾವಿರ ಕೊಟ್ಟದ್ದೂ ಪರಮಶಿವಪ್ಪನವರು ಬರೆಸಿದ ಆಸ್ತಿ ಪಟ್ಟಿ ನೋಡಿಯೇ ಎಂದು ಒಂದೇ ದನಿಯಲ್ಲಿ ತಿಳಿಸಿದರು. ಪರಮಶಿವಪ್ಪನವರು ಕಾಲ ಮೇಲಿನ ಕಾಲನ್ನು ಕೆಳಗಿಳಿಸಿದರು. ಆದರೂ ಅವರು ಸಾಹುಕಾರರು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಇಪ್ಪತ್ತೆರಡು ಸಾವಿರವನ್ನು ನೂರ ಹನ್ನೆರಡು ಜನಕ್ಕೆ ಹಂಚಿ, ತಮ್ಮ ಪಾಲಿಗೆ ಬರುವುದು ಇನ್ನೂರು ರೂಪಾಯಿಯೂ ಇಲ್ಲ ಎಂದು ಕಂಡುಕೊಂಡು ಉಸಿರು ಬಿಟ್ಟರು. "ಎಲ್ಲರಿಗೂ ಹಂಚಿರಬೇಕಲ್ಲ ಸ್ವಾಮಿ?" ಎಂದು ಕೇಳಿದರು. "ಹಂಚೋಣ ಅಂತಲೇ ಶಿಕಾರಿಪುರದ ಕಚೇರೀಲಿ ಮೂರು ದಿನ ಕೂತು ಪಹಣಿ ನೋಡಿದೆ," ಎಂದರು ಇನ್ಸ್‌ಪೆಕ್ಟರು. "ಉಳುವ ಎತ್ತು, ಕರೆಯೋ ಹಸು, ದರ್ಜಿ ಯಂತ್ರ, ಇವನ್ನ ಕಾನೂನು ಪ್ರಕಾರ ಮುಟ್ಟೋ ಹಾಗಿಲ್ಲ. ಸೈಕಲ್ ಒಂದು ಸಿಕ್ತು. ಉಳಿದದ್ದು ಜಮೀನು." ಅವರು ಪಹಣಿಯಿಂದ ಬರೆದುಕೊಂಡ ಪಟ್ಟಿಯನ್ನು ಪರಮಶಿವಪ್ಪನವರ ಕಡೆ ತಿರುಗಿಸಿ ಹಿಡಿದರು. ಮೂವತ್ತು ವರ್ಷದಲ್ಲಿ ಬಡ್ಡಿಗೆ ಮುರಿದುಕೊಂಡದ್ದು, ವಾಯಿದೆ ಮೀರಿ ಬರೆಸಿಕೊಂಡದ್ದು, ಹೆಬ್ಬೆಟ್ಟು ಒತ್ತಿಸಿಕೊಂಡದ್ದು ಎಲ್ಲ ಗದ್ದೆಯೂ ಅಲ್ಲಿತ್ತು. ಸಾಗುವಳಿದಾರರ ಕಾಲಂನಲ್ಲಿ ಕೆಂಪಪ್ಪ, ಹುಚ್ಚರಾಯಪ್ಪ, ಇನ್ನೂ ಬೇಕಾದಷ್ಟು ಹೆಸರುಗಳು. ಖಾತೆದಾರರ ಕಾಲಂನಲ್ಲಿ ಮೇಲಿನಿಂದ ಕೆಳಗಿನವರೆಗೆ, ಮರಡಿಕೊಪ್ಪದ ಒಂದು ಗುಂಟೆಯನ್ನೂ ಬಿಡದೆ, ಇದ್ದದ್ದು ಒಂದೇ ಹೆಸರು.